ಸಾಯದೆ ಉಳಿದ ಎರಡು ತಲೆ

ಉಶಿಯೊ ಇವಾವೊ ಅವರನ್ನು ತಕ್ಕಡಿಗೆ ಹಾಕಿದರೆ ಐವತ್ತು ಕಿಲೋ ತೂಗಬಹುದು. ಅದರಲ್ಲಿ ಹದಿನೈದು ಕಿಲೋ ಬರೀ ಹಟ. ವಯಸ್ಸು ಅರವತ್ತೇಳು, ಬಳಸಿದ ಮಾಲು, ಮೊಣಕಾಲು ಸವೆದಿದೆ. ಕೈ ಮಾತ್ರ ಹೊಸದರ ಹಾಗಿದೆ. ಹಗಲು ಹೆಂಚಿನ ಭಟ್ಟಿಯಲ್ಲಿ ಕೆಲಸ, ಸಂಜೆ ನಮ್ಮ ದೇವರ ಕುಣಿತ ಕಗುರಕ್ಕೆ ದೊಡ್ಡ ಡೋಲು. ಜಪಾನಿನ ಈ ಇಡೀ ಇವಾಮಿ ಸೀಮೆಯಲ್ಲಿ ಅಂಥ ಕೈ ಇನ್ನೊಂದಿಲ್ಲ. ಸೋಯಾ ಸಾಸ್ ಮಾರುವ ನಾನು ಯಾವುದನ್ನೂ ಪುಕ್ಕಟೆ ಹೊಗಳುವವನಲ್ಲ.

ಕುಣಿತದ ತಂಡದ ವ್ಯವಹಾರವೆಲ್ಲ ನನ್ನದು. ಫ್ರಾನ್ಸಿನ ಉತ್ಸವವೊಂದರಿಂದ ಕರೆ ಬಂದಾಗ ಇವಾವೊ ಜೀವನದಲ್ಲಿ ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದರು. ಭಟ್ಟಿಯಲ್ಲಿ ಎಲ್ಲರಿಗೂ ತೋರಿಸಿ ಬಂದರು. ಆಮೇಲೆ ಇನ್ನೊಂದು ಪತ್ರ ಬಂತು: ಇಪ್ಪತ್ತೇ ನಿಮಿಷ, ಹಲವು ತಲೆಯ ಹಾವನ್ನು ದೇವರು ಕೊಲ್ಲುವ ಕಥೆಯೊಂದೇ ಸಾಕು. ನಾನು ಮೊದಲ ಕುಣಿತಕ್ಕೆ ಕತ್ತರಿ ಹಾಕಿದೆ. ಜಾಗ ಶುದ್ಧಮಾಡಿ ದೇವರನ್ನು ಕರೆಯುವ ಕುಣಿತ ಅದು. ಅದಿಲ್ಲದೆ ನಮ್ಮಲ್ಲಿ ಯಾವ ಕಥೆಯೂ ಶುರುವಾಗುವುದಿಲ್ಲ.

ಅಭ್ಯಾಸದ ಹೊತ್ತಿಗೆ ಇವಾವೊ ಡೋಲಿನ ಕೋಲನ್ನು ಚಾಪೆಯ ಮೇಲಿಟ್ಟರು.

“ಮಸುಯಾ ಸಾನ್,” ಎಂದರು. ಊರಿಗೆ ನಾನು ನನ್ನ ಅಂಗಡಿಯ ಹೆಸರೇ, ಗೌರವಕ್ಕೊಂದು ಸಾನ್. “ದೇವ್ರನ್ನ ಕರೀದೆ ಯಾರ ಮುಂದೆ ಕುಣಿಯೋದು?”

“ಟಿಕೆಟ್ ತಗೊಂಡೋರ ಮುಂದೆ.”

“ಐದೇ ನಿಮಿಷಕ್ಕೆ ಇಳಿಸ್ತೀನಿ.”

“ಒಂದು ನಿಮಿಷಾನೂ ಇಲ್ಲ ಇವಾವೊ ಸಾನ್. ದೇವ್ರಿಗೂ ವಿಮಾನದ ಟಿಕೆಟ್ ಮಾಡಿಸ್ಲಾ?”

ಕುಣಿಯುವವರೆಲ್ಲ ನಕ್ಕರು. ಇವಾವೊ ನಗಲಿಲ್ಲ.

“ಹಂಗಾದ್ರೆ ನಂದೂ ಬೇಡ ಬಿಡಿ.”

ನನಗೆ ರೇಗಿತು. ಈ ಮುದುಕನ ಹಟಕ್ಕೆ ಒಂದು ವರ್ಷದ ಓಡಾಟ ಹಾಳಾಗಬೇಕೇ? ಹೋದ ಶರತ್ಕಾಲದ ಹಬ್ಬದಲ್ಲಿ ಇದೇ ಹಾವಿನ ಕಥೆಗೆ ಅವರು ಬಾರಿಸಿದ್ದು ನನ್ನ ಫೋನಿನಲ್ಲಿತ್ತು. ಅದನ್ನೇ ಇಪ್ಪತ್ತು ನಿಮಿಷಕ್ಕೆ ಕತ್ತರಿಸಿಕೊಂಡು ತಂಡದೊಂದಿಗೆ ವಿಮಾನ ಹತ್ತಿದೆ.

ಅಲ್ಲಿ ತಲೆಗೊಂದರಂತೆ ಕುಣಿಯುವವರು ತೊಟ್ಟ ಬಿದಿರು-ಕಾಗದದ ನಾಲ್ಕು ಹಾವುಗಳು ಸುತ್ತುತ್ತ ಸುತ್ತುತ್ತ ಒಂದರ ಬಾಲಕ್ಕೆ ಇನ್ನೊಂದು ಸಿಕ್ಕಿಕೊಂಡವು. ಊರಲ್ಲಾಗಿದ್ದರೆ ಇವಾವೊ ಕುಣಿಯುವವರ ಕಾಲು ನೋಡಿಕೊಂಡು, ಸಿಕ್ಕು ಬಿಡುವ ತನಕ ಅದೇ ಪೆಟ್ಟನ್ನು ತಿರುಗಿ ತಿರುಗಿ ಬಾರಿಸುತ್ತಿದ್ದರು. ಫೋನಿಗೆ ಕಣ್ಣೆಲ್ಲಿ? ದೇವರ ವೇಷದವನು ಎರಡು ತಲೆ ಕಡಿಯುವಷ್ಟರಲ್ಲಿ ಡೋಲು ಮುಗಿದೇ ಹೋಯಿತು. ಉಳಿದೆರಡು ತಲೆಗಳು ಬಾಯಿ ಬಿಟ್ಟುಕೊಂಡು ನಿಂತವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಥೆ ಮುಗಿದೇ ಇಲ್ಲವೆಂದು ಅವರಿಗೆ ಗೊತ್ತಾಗಲೇ ಇಲ್ಲ; ಅದು ಇನ್ನೂ ಹೊಟ್ಟೆ ಉರಿಸಿತು.

ಊರಿಗೆ ಬಂದವನೇ ಭಟ್ಟಿಗೆ ಹೋದೆ. ಇವಾವೊ ಬೆಂದ ಹೆಂಚುಗಳನ್ನು ಒಂದೊಂದಾಗಿ ತಟ್ಟಿ ಸದ್ದು ಕೇಳುತ್ತಿದ್ದರು.

“ಹಾವು ಸತ್ತಿತಾ?”

“ಅರ್ಧ.”

“ಬಾಲ ಸಿಕ್ಕಾಕೊಂಡಿತೇನೋ.”

“ಹೂಂ.”

“ಹಬ್ಬದಲ್ಲೂ ಅಲ್ಲೇ ಸಿಕ್ಕಾಕೊಂಡಿತ್ತು. ಅದಕ್ಕೇ ಅಲ್ಲಿ ನಾಲ್ಕು ಸುತ್ತು ಜಾಸ್ತಿ ಬಾರಿಸಿದ್ದೆ. ನೀವು ಅದನ್ನೇ ಕತ್ತರಿಸಿರ್ತೀರಿ.”

ಅದನ್ನೇ ಕತ್ತರಿಸಿದ್ದೆ. ಒಂದೇ ಥರ ಕೇಳುತ್ತಿದೆ, ದಂಡ ಎಂದುಕೊಂಡಿದ್ದೆ. ಹೆಂಚಿನ ಧಾರಣೆ ಕೇಳಿ ಎದ್ದು ಬಂದೆ.

ತಂಡದವರೆಲ್ಲರ ಎದುರು ದೇವರ ಟಿಕೆಟ್ಟಿನ ಆ ಮಾತಾಡಿ ನಗಿಸಿದವನು ನಾನು. ಅದೇ ತಂಡದವರ ಎದುರು ತಲೆ ಬಾಗಿ ನಾನು ಇವಾವೊ ಅವರ ಕ್ಷಮೆ ಕೇಳಬೇಕಿದೆ. ಇನ್ನೂ ಕೇಳಿಲ್ಲ.