ಚಿಕ್ಕತಾಯತ್ತೆ ನೋಡಿದ ಕ್ಯಾಸೆಟ್ಟು

ನಾನು ಬಿ.ಎ. ಮುಗಿಸುವುದು ಆಗದ ಮಾತು ಎಂದು ಮೊದಲು ಹೇಳಿದವಳು ನಮ್ಮ ಅತ್ತೆ ಚಿಕ್ಕತಾಯಮ್ಮ. ಮೂರು ವರ್ಷ ತನ್ನ ಮನೆಯಲ್ಲಿಟ್ಟುಕೊಂಡು, ಅನ್ನ ಹಾಕಿ ನನ್ನನ್ನು ಓದಿಸಿದವಳೂ ಅವಳೇ. ಇದು ಹೇಗೆ ಎಂದು ಅರ್ಥವಾಗಬೇಕಾದರೆ ಅವಳ ಪಕ್ಕದಲ್ಲಿ ಕೂತು ವಿಡಿಯೊ ನೋಡಿರಬೇಕು.

ಅವಳು ನಮ್ಮಪ್ಪನ ಅಕ್ಕ. ಬೇಗೂರಿನಲ್ಲಿ ಅಪ್ಪ ಅವ್ವ ಕೂಲಿ ಮಾಡುತ್ತಿದ್ದರು. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಏಳನೇ ಕ್ಲಾಸು ದಾಟಿದವರಿಲ್ಲ. ಪಿಯುಸಿ ಆದಮೇಲೆ ನಾನು ಟ್ರಂಕು ಹಿಡಿದು ಚಾಮರಾಜನಗರಕ್ಕೆ, ಅತ್ತೆಯ ಬಾಡಿಗೆ ಮನೆಗೆ ಬಂದೆ. ಗಂಡ ಸತ್ತ ಮೇಲೆ ಅವಳು ಅಲ್ಲಿ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ ಸೇರಿದ್ದಳು. ದಿನವಿಡೀ ಬಿಸಿನೀರಿನ ಮುಂದೆ ಕೂತು, ತೇಲುವ ಗೂಡುಗಳಲ್ಲಿ ಕಣ್ಣಿಗೆ ಕಂಡೂ ಕಾಣದ ಎಳೆಯನ್ನು ಹುಡುಕಿ, ಚಕ್ರಕ್ಕೆ ಸುತ್ತಿಕೊಳ್ಳುತ್ತಾ ಓಡುತ್ತಿರುವ ನೂಲಿಗೆ ಸೇರಿಸುವ ಕೆಲಸ. ಬೆರಳ ತುದಿಗಳು ನೆನೆದ ಅವರೆಕಾಳಿನ ಹಾಗೆ ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಎಷ್ಟು ಸೋಪು ಹಾಕಿ ತಿಕ್ಕಿದರೂ ಹುಳುವಿನ ವಾಸನೆ ಹೋಗುತ್ತಿರಲಿಲ್ಲ. ಬಸ್ಸಿನಲ್ಲಿ ಯಾರಾದರೂ ಹೆಂಗಸು ಮೂಗಿಗೆ ಸೆರಗು ಹಿಡಿದರೆ, ನೀವು ಮದುವೆಗೆ ಉಡುವ ಸೀರೆಯ ವಾಸನೆಯೇ ಇದು ಎಂದು ಅವಳ ಮುಖಕ್ಕೇ ಹೇಳಿ ನಗುತ್ತಿದ್ದಳು.

ಪಕ್ಕದ ಮನೆಯ ನಾಣು ಕೇರಳದ ಕಡೆಯವನು, ಬೇಕರಿ ಇಟ್ಟಿದ್ದ. ಗಲ್ಫಿನಲ್ಲಿದ್ದ ಅವನ ಅಣ್ಣ ರಜೆಗೆ ಬಂದಾಗ ಒಂದು ವಿಸಿಆರ್, ನಾಲ್ಕಾರು ಕ್ಯಾಸೆಟ್ಟು ಬಿಟ್ಟುಹೋಗಿದ್ದ. ಭಾನುವಾರ ಮಧ್ಯಾಹ್ನ ಬೀದಿಯವರೆಲ್ಲ ನಾಣುವಿನ ಮನೆಯಲ್ಲಿ ಸಿನಿಮಾ ನೋಡಿ ಎದ್ದು ಹೋಗುತ್ತಿದ್ದರು. ಅತ್ತೆ ಏಳುತ್ತಿರಲಿಲ್ಲ. "ನಾಣು, ಆ ಎಸ್ದು ಇಡಿಯೋರ್ದ ಆಕಪ್ಪ" ಎನ್ನುತ್ತಿದ್ದಳು.

ಅದು ಚೆಂಡು ಎಸೆದು ಹಿಡಿಯುವಂಥ ಕಸರತ್ತಿನವರ ಕ್ಯಾಸೆಟ್ಟು, ಯಾವುದೋ ದೇಶದ ದೊಡ್ಡ ರಂಗಮಂದಿರದಲ್ಲಿ ತೆಗೆದದ್ದು. ಒಬ್ಬಳು ಕೋಲಿನ ತುದಿಯಲ್ಲಿ ತಟ್ಟೆ ತಿರುಗಿಸುತ್ತಿದ್ದಳು. ಅದು ತಟ್ಟೆಯ ಕೆಲಸ, ಕೈಕೆಲಸವಲ್ಲ ಎಂದು ಅತ್ತೆ ಅವಳನ್ನು ತಳ್ಳಿಹಾಕಿದ್ದಳು. ಅವಳು ಕಾಯುತ್ತಿದ್ದದ್ದು ಆಮೇಲೆ ಬರುವ ಸಣಕಲು ಮನುಷ್ಯನಿಗೆ. ಅವನು ಮೂರು ಬಿಳಿ ಚೆಂಡಿನಿಂದ ಶುರುಮಾಡಿ ನಾಲ್ಕು, ಐದು ಎಂದು ಏರಿಸುತ್ತಾ ಏಳು ಚೆಂಡನ್ನು ಒಟ್ಟಿಗೆ ಗಾಳಿಯಲ್ಲಿ ಆಡಿಸುತ್ತಿದ್ದ. ಇಪ್ಪತ್ತು ಸಲ ನೋಡಿದ್ದರೂ ಏಳನೆಯದನ್ನು ಕೈಗೆತ್ತಿಕೊಳ್ಳುತ್ತಲೇ ಅತ್ತೆ ನನ್ನ ತೊಡೆ ಹಿಡಿದುಕೊಂಡು, "ಆಗಕಿಲ್ಲ ಕಣಮ್ಮಿ, ಈ ಸಲ ಬೀಳ್ತದ" ಎನ್ನುತ್ತಿದ್ದಳು. ಆಗಲಿ ಎಂದು ಆಸೆಪಟ್ಟದ್ದನ್ನೆಲ್ಲ ಆಗುವುದಿಲ್ಲ ಎಂದೇ ಹೇಳಬೇಕು, ಆಗುತ್ತದೆ ಎಂದರೆ ದೃಷ್ಟಿಯಾಗುತ್ತದೆ ಎಂಬುದು ಅವಳ ನಂಬಿಕೆ. ನನ್ನ ಬಿ.ಎ.ಗೂ ಅದೇ ಮಾತು.

ನಾವೆಲ್ಲ ಚೆಂಡು ನೋಡುತ್ತಿದ್ದೆವು. ಅವಳು ಮೊಣಕೈ ನೋಡುತ್ತಿದ್ದಳು. ಕೆಲಸ ಕಲಿತವನ ಮೊಣಕೈ ಅಲ್ಲಾಡುವುದಿಲ್ಲ ಎನ್ನುತ್ತಿದ್ದಳು. ಅವನು ಯಾವ ಚೆಂಡನ್ನೂ ಬೆನ್ನಟ್ಟಿ ನೋಡುತ್ತಿಲ್ಲ, ಅವು ಮೇಲೆ ಹೋಗಿ ತಿರುಗುವ ಜಾಗವೊಂದನ್ನೇ ನೋಡುತ್ತಿದ್ದಾನೆ, ಮಿಕ್ಕದ್ದು ಕೈಗೆ ಗೊತ್ತು ಎಂದು ತೋರಿಸಿಕೊಟ್ಟವಳೂ ಅವಳೇ. ಅವಳು ಹೇಳಿದ ಮೇಲೆ ನನಗೂ ಹಾಗೇ ಕಾಣತೊಡಗಿತು.

ಒಂದು ಕಡೆ, ಐದು ಚೆಂಡು ಆಡಿಸುವಾಗ, ಅವನಿಗೂ ಒಂದು ಬೀಳುತ್ತದೆ. ನಾಣು ಅಲ್ಲಿಗೆ ಬಂದಾಗಲೆಲ್ಲ ಕ್ಯಾಸೆಟ್ಟನ್ನು ಮುಂದಕ್ಕೆ ಓಡಿಸಲು ಕೈ ಹಾಕುತ್ತಿದ್ದ. ಅತ್ತೆ ಬಿಡುತ್ತಿರಲಿಲ್ಲ.

"ಓಡುಸ್ಬ್ಯಾಡ ಬುಡು. ಬಿದ್ದುದ್ದನ್ನೇ ನೋಡ್ಬೇಕು ಕಣಪ್ಪ. ಒಂದು ಬಿತ್ತು ಅಂತ ಅವ್ನು ನೆಲ ನೋಡುದ್ನಾ? ಮ್ಯಾಲಿರೋ ನಾಕ್ನ ಕಾದ. ನಮ್ಮಲ್ಲೂ ಒಂದು ಗೂಡು ಮುಗೀತು ಅಂತ ಚಕ್ರ ನಿಲ್ಸಕಾದದಾ?"

ಅವನು ನಾಲ್ಕನ್ನು ಆಡಿಸುತ್ತಲೇ ಬಿದ್ದದ್ದನ್ನು ಪಾದದಿಂದ ಚಿಮ್ಮಿಸಿ ಮತ್ತೆ ಸೇರಿಸಿಕೊಳ್ಳುತ್ತಿದ್ದ. ಆ ಜಾಗವನ್ನು ಹಿಂದೆ ಮುಂದೆ ಎಳೆದೂ ಎಳೆದೂ ಟೇಪು ಸವೆದು, ಪರದೆಯ ಮೇಲೆ ಬಿಳಿ ಗೆರೆ ಬರತೊಡಗಿತ್ತು.

ಕೊನೆಯ ವರ್ಷ ಗುಂಡ್ಲುಪೇಟೆಯಲ್ಲಿ ಅಂತರಕಾಲೇಜು ಭಾಷಣ ಸ್ಪರ್ಧೆ. ವಿಷಯ, ಏಕಾಗ್ರತೆ. ಬೇರೆಯವರು ಸಂಸ್ಕೃತ ಶ್ಲೋಕ, ಇಂಗ್ಲಿಷ್ ಮಾತು ಎಲ್ಲ ಕಂಠಪಾಠ ಮಾಡಿಕೊಂಡು ಬಂದಿದ್ದರು. ನನ್ನ ಹತ್ತಿರ ಇದ್ದದ್ದು ಆ ಸಣಕಲು ಮನುಷ್ಯನೊಬ್ಬನೇ. ಅಲ್ಲಾಡದ ಮೊಣಕೈ, ಮೇಲೆ ನೆಟ್ಟ ಕಣ್ಣು, ಬಿದ್ದ ಒಂದು, ಉಳಿದ ನಾಲ್ಕು, ಎಲ್ಲ ಹೇಳಿದೆ. ಒಂದನ್ನೂ ಬಿಡಲಿಲ್ಲ. ಹೇಳಿಕೊಟ್ಟವಳ ಹೆಸರೊಂದನ್ನು ಬಿಟ್ಟು.

ಮೊದಲ ಬಹುಮಾನ ನನಗೇ ಬಂತು. ತೀರ್ಪುಗಾರರಾಗಿ ಬಂದಿದ್ದ ಮೇಷ್ಟ್ರು ಎಲ್ಲರೆದುರು ಮೆಚ್ಚಿ, "ಇಷ್ಟು ಸೂಕ್ಷ್ಮದ ವಿಚಾರ ಯಾವ ಪುಸ್ತಕದಲ್ಲಿ ಸಿಕ್ಕಿತಮ್ಮ?" ಎಂದು ಕೇಳಿದರು. ಅತ್ತೆ ಅರ್ಧ ದಿನ ರಜೆ ಹಾಕಿ, ಪೆಟ್ಟಿಗೆಯ ಸೀರೆ ಉಟ್ಟು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಕೈಯೆತ್ತಿ ತೋರಿಸಿದ್ದರೆ ಸಾಕಿತ್ತು. ಆದರೆ ಅವಳನ್ನು ತೋರಿಸಿದರೆ ಎಲ್ಲರೂ ತಿರುಗಿ ನೋಡುತ್ತಾರೆ, ಪಕ್ಕದಲ್ಲಿ ಕೂತ ಹುಡುಗಿಯರಿಗೆ ಆ ವಾಸನೆ ಈಗಾಗಲೇ ಗೊತ್ತಾಗಿದೆ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಲೈಬ್ರರಿಯ ಒಂದು ಇಂಗ್ಲಿಷ್ ಪುಸ್ತಕದಲ್ಲಿ ಸಾರ್ ಎಂದೆ.

ವಾಪಸು ಬರುವಾಗ ಬಸ್ಸು ತೆರಕಣಾಂಬಿ ದಾಟಿತು. ಬೈಯುತ್ತಾಳೆ ಎಂದುಕೊಂಡು ಕಿಟಕಿಯ ಕಡೆ ನೋಡುತ್ತಿದ್ದೆ. ಅವಳು ಮೆಲ್ಲಗೆ ಕೇಳಿದಳು.

"ಅದು ಬುಕ್ಕಲ್ಲೂ ಅದಾ ಅಮ್ಮಿ?"

ನಾನು ಹೂಂ ಎಂದೆ.

"ನಾನೇನೋ ಬಾಯಿಗ್ ಬಂದಂಗೆ ಯೋಳ್ತಾವ್ನಿ ಅನ್ಕಂಡಿದ್ದೆ. ಬುಕ್ಕಲ್ಲಿ ಬರ್ದವ್ರಲ್ಲ ಅಂಗಾರೆ! ಬರ್ದೋರು ಗಂಡುಸ್ರಾ, ಎಂಗುಸ್ರಾ?"

ಹೆಂಗಸು ಎಂದೆ. ಅವಳು ತನ್ನ ಬೆರಳ ತುದಿಗಳನ್ನು ನೋಡಿಕೊಂಡು, "ಅದೇ ಮತ್ತೆ. ಬಿಸ್ನೀರ್ಗೆ ಕೈ ಇಕ್ಕಿರೋಳೇ ಇರ್ಬೇಕು" ಎಂದಳು.

ಬೈದಿದ್ದರೆ ಚೆನ್ನಾಗಿತ್ತು. ಮಾರನೆಯ ದಿನವೇ ಕಾರ್ಖಾನೆಯ ಹೆಂಗಸರಿಗೆಲ್ಲ, ತಾನು ಕಂಡದ್ದನ್ನೇ ಒಬ್ಬಳು ಇಂಗ್ಲಿಷಿನಲ್ಲಿ ಬರೆದಿದ್ದಾಳೆ ಎಂದು ಹೇಳಿಬಂದಳು. ನಾಣುವಿಗೂ ಹೇಳಿದಳು. ಅಲ್ಲಿಂದ ಮುಂದೆ ಚೆಂಡು ಬೀಳುವ ಜಾಗಕ್ಕೆ ಅವನು ಕೈ ಹಾಕಲಿಲ್ಲ. ಆ ಪುಸ್ತಕ ತಂದು ಮಿಕ್ಕದ್ದನ್ನೂ ಓದಿಹೇಳು ಎಂದು ಶನಿವಾರ ಶನಿವಾರ ನನ್ನನ್ನು ಕೇಳುತ್ತಿದ್ದಳು. ಯಾರೋ ತೆಗೆದುಕೊಂಡು ಹೋಗಿದ್ದಾರೆ ಎನ್ನುತ್ತಿದ್ದೆ. ಎಂಥವರಮ್ಮಿ ಅವರು, ಇಷ್ಟು ದಿನ ಇಟ್ಟುಕೊಳ್ಳುತ್ತಾರಾ ಎಂದು ಅವಳು ಆ ಯಾರನ್ನೋ ಬೈಯುತ್ತಿದ್ದಳು. ನಿಜ ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಹೇಳಿದರೆ ನನ್ನ ಸುಳ್ಳು ಹೊರಗೆ ಬರುವುದಷ್ಟೇ ಅಲ್ಲ, ಅವಳ ಪುಸ್ತಕವೂ ಹೋಗುತ್ತದೆ. ಹೀಗೆ ನನಗೆ ನಾನೇ ನೆವ ಹೇಳಿಕೊಂಡೆ. ಅರ್ಧ ನಿಜ, ಅರ್ಧ ಹೇಡಿತನ.

ನಾನು ಪಾಸಾಗಿ ಗುಂಡ್ಲುಪೇಟೆಯಲ್ಲಿ ಗುಮಾಸ್ತೆಯಾಗಿ ಸೇರುವ ಹೊತ್ತಿಗೆ ಅತ್ತೆಗೆ ಉಬ್ಬಸ ಹೆಚ್ಚಾಗಿ, ಕೆಲಸ ಬಿಟ್ಟು ಹರದನಹಳ್ಳಿಯ ಮಗಳ ಮನೆಗೆ ಹೋಗಿದ್ದಳು. ನಮ್ಮ ಮನೆತನದ ಮೊದಲ ಡಿಗ್ರಿ ನನ್ನದು. ಇವತ್ತಿಗೂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಬಂದವರಿಗೆ ಹೆಮ್ಮೆಯಿಂದ ತೋರಿಸುತ್ತೇನೆ. ಆದರೆ ಅದು ಅಂಚೆಯಲ್ಲಿ ಬಂದ ವಾರ, ಕಟ್ಟು ಹಾಕಿಸುವುದಕ್ಕೂ ಮೊದಲು, ಹರದನಹಳ್ಳಿಗೆ ತೆಗೆದುಕೊಂಡು ಹೋದೆ. ಇವತ್ತು ಎಲ್ಲ ಹೇಳಿಬಿಡುತ್ತೇನೆ ಎಂದು ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡೇ ಹೋಗಿದ್ದೆ. ಅದೇ ಕೊನೆಯ ಭೇಟಿ ಎಂದು ಗೊತ್ತಿರಲಿಲ್ಲ. ಎರಡು ತಿಂಗಳಿಗೆ ಅವಳು ತೀರಿಕೊಂಡಳು.

ಜಗಲಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಸರ್ಟಿಫಿಕೇಟು ಕೊಟ್ಟೆ. ಕೈಯನ್ನು ಎರಡು ಸಲ ಸೆರಗಿಗೆ ಒರೆಸಿಕೊಂಡು ಅಂಚಿನಲ್ಲಿ ಹಿಡಿದುಕೊಂಡಳು. ನನ್ನ ಹೆಸರು ಎಲ್ಲಿದೆ ಎಂದು ಕೇಳಿ, ತೋರಿಸಿದ ಮೇಲೆ ಅದರ ಮೇಲೆ ಹೆಬ್ಬೆರಳಿಟ್ಟಳು. ಮೇಲುಸಿರು ಇಳಿಯುವವರೆಗೆ ಹಾಗೇ ಕೂತಿದ್ದಳು. ಅತ್ತೆ, ಒಂದು ಮಾತು ಹೇಳಬೇಕಿತ್ತು ಎಂದು ನಾನು ಶುರುಮಾಡುವಷ್ಟರಲ್ಲಿ ಅವಳೇ ಮಾತಾಡಿದಳು.

"ಆ ಬುಕ್ಕು ಬರ್ದೋಳ್ಗೆ ಒಂದು ಕಾಗ್ದ ಬರ್ದಾಕಮ್ಮಿ. ಪಾಸಾದೆ ಅಂತ ಬರಿ. ಚಿಕ್ಕತಾಯಿ ಅಂತ ಒಬ್ಳು ನಿಮ್ಮುನ್ನ ಕೇಳುದ್ಲು ಅಂತಾನೂ ಬರಿ."