ಕದದ ಮೇಲಿನ ಮೂರು ಸಾಲು

ಒತ್ತೊತ್ತಾಗಿ ಅಚ್ಚು ಹಾಕಿದ ಪುಸ್ತಕ ಕಂಡರೆ ನನಗೆ ಇಂದಿಗೂ ಸಿಟ್ಟು ನೆತ್ತಿಗೇರುತ್ತದೆ. ಓದುವವರು ಉಸಿರಾಡುವುದು ಬೇಡವೇ? ಈ ಸಿಟ್ಟು ನನಗೆ ಬಂದದ್ದು ಅಪ್ಪನಿಂದ.

ಚಿನ್ನದ ಗಣಿ ಇನ್ನೂ ಬಿಳಿ ದೊರೆಗಳ ಕೈಯಲ್ಲಿದ್ದ ಕಾಲ. ಅಪ್ಪ ಕಾಮಸಮುದ್ರದ ಕಡೆಯಿಂದ ಬಂದು, ಊರಿಗಾಂನಲ್ಲಿ ಗಣಿ ಕೂಲಿಯಾಗಿ, ಗಣಿಯವರು ಕೂಲಿಗಳಿಗೆಂದು ಸಾಲಾಗಿ ಕಟ್ಟಿಸಿದ ಲೈನ್ ಮನೆಯಲ್ಲಿ ಸಂಸಾರ ಹೂಡಿದ್ದ. ಅಮ್ಮನಿಗೆ ಓದು ಕಲಿಸಲೇಬೇಕೆಂದು ಅವನ ಹಟ. ಅವಳೋ ಅಕ್ಷರಕ್ಕೊಮ್ಮೆ ತಡವರಿಸುವಳು. ಒಂದು ದಿನವಾದರೂ ಅವಳು ನಿಲ್ಲದೆ ಓದುವುದನ್ನು ಕೇಳಬೇಕು, ಅಷ್ಟೇ ಅವನ ಆಸೆ. ಅವಳು ನಲ್ಲಿಗೆ ಹೋದ ಹೊತ್ತು ನೋಡಿ, ಟಾರು ಬಳಿದ ಕದದ ಮೇಲೆ ಸೀಮೆಸುಣ್ಣದಲ್ಲಿ ಏನಾದರೂ ಬರೆದಿಟ್ಟು ಕೆಲಸಕ್ಕೆ ಹೊರಡುತ್ತಿದ್ದ. ಓದಿ ಮುಗಿಸದೆ ಅಮ್ಮ ಹೊಸ್ತಿಲು ದಾಟುವಂತಿಲ್ಲ, ಸೊಂಟದಲ್ಲಿ ತುಂಬಿದ ಬಿಂದಿಗೆ ಇದ್ದರೂ ಸರಿಯೇ. ಸಂಜೆ ಬಂದವನು ಪಕ್ಕದಲ್ಲಿ ನಿಂತು ಮತ್ತೆ ಓದಿಸುತ್ತಿದ್ದ.

ಸಾಲಿಗೊಂದೇ ವಿಷಯ. ಬಾಯಲ್ಲಿ ಆಡುವ ಹಾಗೆಯೇ ಬರಹ. ಅಮ್ಮ ಕುಳ್ಳಿ, ಅವಳ ಕಣ್ಣಿಗೆ ನೇರವಾಗಿರಲೆಂದು ಅಪ್ಪ ಬಗ್ಗಿ ನಿಂತು ಬರೆಯುತ್ತಿದ್ದ.

ಪಕ್ಕದ ಮನೆಯ ಮೇಸ್ತ್ರಿ ಒಮ್ಮೆ ಛೇಡಿಸಿದ: "ಏನ್ಲಾ, ಸಾಲು ಸಾಲಿನ ಮಧ್ಯದಾಗೆ ಎತ್ತಿನ ಗಾಡಿ ಓಗೋವಷ್ಟು ಜಾಗ ಬಿಟ್ಟಿದ್ದೀಯ?"

"ನಮ್ಮೋಳು ನಿಧಾನಕ್ಕೆ ನಡ್ಕಂಡು ಬರ್ಬೇಕಲ್ಲಣ್ಣ," ಎಂದ ಅಪ್ಪ.

ನನಗೆ ಜ್ವರ ಬಂದಿದ್ದ ದಿನ ಅವನು ಬರೆದದ್ದು ಇಷ್ಟು:

ಗಂಜಿ ಒಲೆ ಮೇಲೈತೆ.
ಮಗೀಗೆ ಕುಡಿಸು.
ಬತ್ತೀನಿ.

ಅಮ್ಮ ತಡವರಿಸಿ ಓದಿ, ಒಳಗೆ ಬಂದು ನನಗೆ ಗಂಜಿ ಕುಡಿಸಿದಳು. ಮಧ್ಯಾಹ್ನ ಗಣಿಯೊಳಗೆ ಬಂಡೆ ಕುಸಿಯಿತು. ಸಂಜೆ ಅಪ್ಪನನ್ನು ನಾಲ್ಕು ಜನ ಹೊತ್ತು ತಂದರು.

ಆಮೇಲೆ ಅಮ್ಮ ಆ ಕದವನ್ನು ಯಾರಿಗೂ ಮುಟ್ಟಗೊಡಲಿಲ್ಲ. ತನ್ನ ಸೆರಗು ತಾಗಿ ಅಳಿಸೀತೆಂದು ಓರೆಯಾಗಿ ಒಳಗೆ ಬರುತ್ತಿದ್ದಳು. ಬರುವಾಗೆಲ್ಲ ನಿಂತು ಓದುತ್ತಿದ್ದಳು. ಆದರೆ ಲೈನ್ ಮನೆ ಗಣಿಗೆ ಇಳಿಯುವವರಿಗೆ ಮಾತ್ರ. ನಾವು ಖಾಲಿ ಮಾಡಬೇಕಾಯಿತು. ನಮ್ಮ ಪಾತ್ರೆ ಪರಡಿ ಗಾಡಿಗೆ ಏರಿದ್ದವು. ಮುಂದೆ ಬರುವ ಸಂಸಾರಕ್ಕೆಂದು ಕದಕ್ಕೆ ಹೊಸದಾಗಿ ಟಾರು ಬಳಿಯುವವನೂ ಬಂದು ನಿಂತ.

"ವಸಿ ತಡಿಯಪ್ಪಾ, ಒಂದ್ಸಲ ಓದ್ಕಂತೀನಿ," ಎಂದಳು ಅಮ್ಮ.

ಓದಿದಳು. ಮೂರು ಸಾಲೂ ಒಂದೇ ಉಸಿರಿಗೆ, ಎಲ್ಲೂ ನಿಲ್ಲದೆ. ಓದಿ ಮುಗಿಸಿದವಳು ಸರಿಯಾಯಿತೇ ಎಂದು ಕೇಳುವ ಹಾಗೆ, ಎಂದಿನಂತೆ ಪಕ್ಕಕ್ಕೆ ತಿರುಗಿದಳು.

ಅಲ್ಲಿ ಟಾರಿನವನು ನಿಂತಿದ್ದ. "ಬಳೀಲೇನಮ್ಮಾ?" ಎಂದು ಕೇಳಿದ.