ಐದನೆಯ ಪೆಟ್ಟು

ರುದ್ರಪಟ್ಟಣದ ಸಂಗೀತದ ಮೇಷ್ಟ್ರು ಪಟ್ಟಾಭಿರಾಮಯ್ಯನವರ ಮಗಳು ಹಂಸ, ಪಿಟೀಲು ಬಿಟ್ಟು ಮಕ್ಕಳಾಡುವ ವಿಡಿಯೋಗೇಮ್ ಡಬ್ಬಿ ಗೇಮ್‌ಬಾಯ್ ಹಿಡಿದಳೆಂದು ಊರೆಲ್ಲ ಆಡಿಕೊಂಡಿತು. ಆಡಿಕೊಳ್ಳಲಿ ಬಿಡಿ. ಆ ಡಬ್ಬಿಯಿಂದ ಕುಣಿಯುವ ಹಾಡು ಹೊರಡಿಸಬಹುದೆಂದು ಎರಡು ಸಾವಿರದ ಮೂರರಲ್ಲಿ ನಮ್ಮ ಕಡೆ ಯಾರಿಗೆ ಗೊತ್ತಿತ್ತು? ಹಾಸನದ ಸೈಬರ್ ಕೆಫೆಯಲ್ಲಿ ಕೂತು ಹಂಸಳೇ ಅದನ್ನು ಪತ್ತೆ ಮಾಡಿದ್ದಳು. ಡಬ್ಬಿಯ ಬೆನ್ನಿಗೆ ಸಿಕ್ಕಿಸಿ ಹಾಡು ಕಟ್ಟುವ ಕಾರ್ಟ್ರಿಜ್ ಯಾವುದೋ ದೂರದೇಶದಿಂದ ಅಂಚೆಯಲ್ಲಿ ಬಂತು. ಎರಡು ಹಳೆಯ ಗೇಮ್‌ಬಾಯ್‌ಗಳನ್ನು ತಂತಿಯಿಂದ ಜೋಡಿಸಿ ಆಂಪ್ಲಿಫೈಯರಿಗೆ ಸಿಕ್ಕಿಸಿದರೆ, ಅಬ್ಬಾ, ಗರಗಸದಂಥ ಸದ್ದು, ಎದೆಗೇ ಗುದ್ದುವ ಪೆಟ್ಟು! ಅಪ್ಪ ಎದ್ದು ಹೋಗಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಬೈಗುಳಕ್ಕಿಂತ ಅದೇ ಅವಳಿಗೆ ಹೆಚ್ಚು ನೋಯುತ್ತಿತ್ತು.

ಆ ವರ್ಷ ಚನ್ನರಾಯಪಟ್ಟಣದಲ್ಲಿ ಸೌಂಡ್ ಸಿಸ್ಟಂ ಇಟ್ಟಿದ್ದ ದೇವರಾಜ್, ಗಣಪತಿ ಮೆರವಣಿಗೆಯಲ್ಲಿ ಅವಳಿಗೊಂದು ಅವಕಾಶ ಕೊಟ್ಟ. ಜನ ಕುಣಿದರೆ ಇಡೀ ಸೀಸನ್ ಅವಳದೇ. ಮಗಳನ್ನು ಒಬ್ಬಳೇ ಕಳಿಸಲಾಗದೆ ಮೇಷ್ಟ್ರೂ ಜೊತೆಗೆ ಹೊರಟರು.

ಮಧ್ಯಾಹ್ನ ಸ್ಪೀಕರ್ ಹೇರಿದ್ದ ಟ್ರ್ಯಾಕ್ಟರ್ ಏರಿ ಹಂಸ ಗುಂಡಿ ಒತ್ತಿದಳು. ಕೇಕೆ ಹಾಕಿ ನೆಗೆದ ಹುಡುಗರು ಎರಡೇ ನಿಮಿಷದಲ್ಲಿ ಒಬ್ಬರ ಕಾಲು ಒಬ್ಬರು ತುಳಿದು ನಿಂತುಬಿಟ್ಟರು.

“ಕಾಲು ಎಲ್ಲಿ ಇಕ್ಕಾದು ಅಂತಾವ್ರೆ ಐಕ್ಳು! ಇಂಗಾದ್ರೆ ಎಂಗಕ್ಕ?” ದೇವರಾಜ್ ಕೂಗಿದ.

ಎಲ್ಲಿ ತಪ್ಪಿತೆಂದೇ ಹಂಸಳಿಗೆ ಹೊಳೆಯಲಿಲ್ಲ. ಅಷ್ಟರಲ್ಲಿ ಅಪ್ಪ ಪಂಚೆ ಎತ್ತಿಕಟ್ಟಿ ಟ್ರ್ಯಾಕ್ಟರ್ ಪಕ್ಕಕ್ಕೆ ಬಂದರು.

“ಖಂಡಚಾಪು ಹಾಕಿದ್ದೀಯಲ್ಲೇ! ತಕ ತಕಿಟ, ಐದು. ಅವರಿಗಿರೋದು ಎರಡೇ ಕಾಲು. ನಾಲ್ಕಕ್ಕೆ ಬಾ.”

ಹೌದಲ್ಲ! ತೊಟ್ಟಿಲಿನಿಂದ ಕೇಳಿದ ತಾಳ, ಬೆರಳು ತಾನಾಗಿ ಐದಕ್ಕೇ ಕಟ್ಟಿತ್ತು. ಐದನೆಯ ಪೆಟ್ಟನ್ನು ಅಲ್ಲೇ ಕಿತ್ತಳು. ಆಮೇಲೆ ನೋಡಬೇಕಿತ್ತು ಆ ಬೀದಿಯನ್ನು. ತೆಂಗಿನಕಾಯಿ ಮಂಡಿಯವರೂ ವ್ಯಾಪಾರ ಬಿಟ್ಟು ಕುಣಿದರು. ಸೀಸನ್ ಅವಳದಾಯಿತು.

ಈಗ ಹಾಸನದಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಹಂಸಳಿಗೆ ಆ ಕುಣಿತ ಅಷ್ಟಾಗಿ ನೆನಪಿಲ್ಲ. ನೆನಪಿರುವುದು ಊರಿಗೆ ಮರಳುವ ಬಸ್ಸು. ಅಪ್ಪ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

“ಮೊದಲು ಹಾಕಿದ್ದು ಇದೆಯಾ, ಅಳಿಸಿಬಿಟ್ಟೆಯಾ?”

“ಇದೆಯಪ್ಪ.”

“ಹಾಕು. ಮೆಲ್ಲಗೆ.”

ಅವಳು ಗೇಮ್‌ಬಾಯ್ ಅನ್ನು ಇಬ್ಬರ ನಡುವೆ ಇಟ್ಟಳು. ಅಪ್ಪನ ಕೈ ತಮ್ಮ ತೊಡೆಯ ಮೇಲೆ ತಾಳ ಹಾಕಿತು, ತಕ ತಕಿಟ. ಹಂಸಳಿಗೆ ಅಳು ಬಂತು, ಸುಳ್ಳೇಕೆ. ಹೊಳೆನರಸೀಪುರ ದಾಟಿತು. ಅರಕಲಗೂಡಿನ ಹೊತ್ತಿಗೆ ಬ್ಯಾಟರಿ ಮುಗಿದು ಹಾಡು ನಿಂತಿತು. ಅಪ್ಪನ ಕೈ ನಿಲ್ಲಲಿಲ್ಲ.